ಮೂರು ಸಾವಿರ ಕೋವಿ, ಮೂರು ಸಾಲು: ನಾಗಶಿನೊ ಯುದ್ಧದಲ್ಲಿ ನಡೆದದ್ದೇನು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಆಸಕ್ತಿ ಇರುವ ಮಕ್ಕಳನ್ನು ಕೂರಿಸಿಕೊಂಡು ಬೇರೆ ಬೇರೆ ದೇಶಗಳ ಇತಿಹಾಸ ಹೇಳುವುದು ನನ್ನ ರೂಢಿ. ಕಳೆದ ವಾರ ಜಪಾನಿನ ನಾಗಶಿನೊ ಯುದ್ಧದ ಕಥೆ ಹೇಳಿದೆ. 1575ರಲ್ಲಿ ಓಡಾ ನೊಬುನಾಗ 3000 ಕೋವಿಗಾರರನ್ನು ಮೂರು ಸಾಲಾಗಿ ನಿಲ್ಲಿಸಿದ, ಒಂದು ಸಾಲು ಹೊಡೆಯುವಾಗ ಉಳಿದ ಸಾಲುಗಳು ಮದ್ದು ತುಂಬುತ್ತಿದ್ದವು, ತಾಕೇಡಾ ಮನೆತನದ ಹೆಸರಾಂತ ಕುದುರೆ ದಂಡು ನೋಡನೋಡುತ್ತಲೇ ನಾಶವಾಯಿತು ಎಂದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಸಾವಿರ ಜನ ಒಂದೇ ಸಲ ಹೊಡೀಬೇಕು ಅಂದ್ರೆ ಯಾರಾದ್ರೂ ಹೇಳ್ಬೇಕಲ್ವಾ? ಅಷ್ಟು ಸದ್ದಲ್ಲಿ ಹೇಳಿದ್ದು ಹೆಂಗೆ ಕೇಳ್ಸುತ್ತೆ?" ನನ್ನ ಬಳಿ ಉತ್ತರ ಇರಲಿಲ್ಲ. ಮನೆಗೆ ಬಂದು ಹುಡುಕಿದರೆ ಒಬ್ಬರು ಇದೆಲ್ಲ ಕಟ್ಟುಕಥೆ ಅನ್ನುತ್ತಾರೆ, ಇನ್ನೊಬ್ಬರು ಪೂರ್ತಿ ನಿಜ ಅನ್ನುತ್ತಾರೆ. ಮೂರು ಸಾಲಿನ ಗುಂಡಿನ ಮಳೆ ನಿಜವೇ? ಕೋವಿಗಳ ಎದುರು ಕುದುರೆ ನುಗ್ಗಿಸುವಷ್ಟು ತಾಕೇಡಾ ಕತ್ಸುಯೋರಿ ದಡ್ಡನಾಗಿದ್ದನೇ? ಮುಂದಿನ ಶನಿವಾರ ಮಕ್ಕಳಿಗೆ ಏನು ಹೇಳಲಿ?

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಅವಳು ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಜಪಾನಿನ ಇತಿಹಾಸಕಾರರು ಈ ಕಥೆಯನ್ನು ಅನುಮಾನದಿಂದ ನೋಡಲು ಶುರು ಮಾಡಿದಾಗ ಎತ್ತಿದ ಪ್ರಶ್ನೆಗಳಲ್ಲಿ ಅದೂ ಒಂದು.

ಮಕ್ಕಳಿಗೆ ತಪ್ಪು ಹೇಳಿಬಿಟ್ಟೆ ಅನ್ನುವ ಸಂಕಟ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಅದನ್ನು ತುಂಬಾ ಹಚ್ಚಿಕೊಳ್ಳಬೇಡಿ. ಜಪಾನಿನ ಶಾಲೆಗಳಲ್ಲೂ ಬಹಳ ಕಾಲ ಇದನ್ನೇ ಕಲಿಸಿದ್ದಾರೆ. ಜಪಾನಿನ ಇತಿಹಾಸ ಪಾಠ ಮಾಡಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ನಾನೂ ತರಗತಿಯಲ್ಲಿ ಹೀಗೇ ಹೇಳಿದ್ದೇನೆ. ನೀವು ಹೇಳಿದ ಕಥೆಯಲ್ಲಿ ಗಟ್ಟಿಯಾದ ಭಾಗವೂ ಇದೆ, ಆಮೇಲೆ ಸೇರಿಕೊಂಡ ಭಾಗವೂ ಇದೆ. ಎರಡನ್ನೂ ಬೇರೆ ಮಾಡಿಕೊಂಡರೆ ಮುಂದಿನ ಶನಿವಾರ ಇನ್ನೂ ಒಳ್ಳೆಯ ಪಾಠ ಆಗುತ್ತದೆ.

ಗಟ್ಟಿಯಾದದ್ದನ್ನು ಮೊದಲು ಹೇಳುತ್ತೇನೆ.

ನಾಗಶಿನೊ ಅನ್ನುವುದು ಒಂದು ಚಿಕ್ಕ ಕೋಟೆ. ಇವತ್ತಿನ ಐಚಿ ಪ್ರಾಂತ್ಯದ ಶಿನ್‌ಶಿರೊ ಊರಿಗೆ ಸೇರಿದ ಜಾಗ. ಎರಡು ಹೊಳೆಗಳು ಕೂಡುವ ಕಡೆ, ಕಡಿದಾದ ಬಂಡೆಯ ಮೇಲೆ ಇತ್ತು. ಆಗ ಅದು ಮಿಕಾವಾ ಸೀಮೆ. ನೊಬುನಾಗನ ಮಿತ್ರ ತೊಕುಗಾವಾ ಇಯೆಯಾಸು ಅನ್ನುವ ಒಡೆಯನ ನಾಡಿಗೂ ತಾಕೇಡಾ ಮನೆತನದ ನಾಡಿಗೂ ನಡುವಿನ ಗಡಿ. ಗಡಿಯಲ್ಲಿರುವ ಸಣ್ಣ ಒಡೆಯರ ಪಾಡು ಎಲ್ಲ ಕಾಲದಲ್ಲೂ ಒಂದೇ. ಯಾರು ಬಲವಾಗಿ ಕಾಣುತ್ತಾರೋ ಅವರ ಕಡೆ ವಾಲಬೇಕು. ಒಕುದೈರಾ ಅನ್ನುವ ಮನೆತನ ಹೀಗೆ ತಾಕೇಡಾ ಕಡೆಗಿತ್ತು. 1573ರಲ್ಲಿ ತಾಕೇಡಾ ಮನೆತನದ ಹಿರಿಯ, ಎಲ್ಲರೂ ಹೆದರುತ್ತಿದ್ದ ಶಿಂಗೆನ್ ತೀರಿಕೊಂಡ. ಸುದ್ದಿಯನ್ನು ಮುಚ್ಚಿಟ್ಟರೂ ಅದು ಹೊರಗೆ ಬಿತ್ತು. ಒಕುದೈರಾದವರು ಇಯೆಯಾಸುವಿನ ಕಡೆಗೆ ಹಾರಿದರು. ಶಿಂಗೆನ್‌ನ ಮಗ ಕತ್ಸುಯೋರಿ ತನ್ನ ಬಳಿ ಒತ್ತೆಯಾಗಿದ್ದ ಆ ಮನೆಯವರನ್ನು ಕೊಲ್ಲಿಸಿದ. ಅವರಲ್ಲಿ ಇನ್ನೂ ಹುಡುಗನಾಗಿದ್ದ ಒಬ್ಬ ತಮ್ಮನೂ ಇದ್ದ. ಇಯೆಯಾಸು ಇನ್ನೊಂದು ಕೆಲಸ ಮಾಡಿದ. ಒಕುದೈರಾ ಸದಾಮಸ ಅನ್ನುವ ಆ ಮನೆಯ ಯುವಕನಿಗೆ ತನ್ನ ಹಿರಿ ಮಗಳನ್ನು ಕೊಡುವುದಾಗಿ ಮಾತು ಕೊಟ್ಟು, ನಾಗಶಿನೊ ಕೋಟೆ ಕಾಯಲು ಕೂರಿಸಿದ.

ಈಗ ಯೋಚನೆ ಮಾಡಿ. ಕೋಟೆಯೊಳಗೆ ಇರುವವನು ತನ್ನವರನ್ನು ಕಳೆದುಕೊಂಡವನು. ಹೊರಗೆ ಮುತ್ತಿಗೆ ಹಾಕಿದವನು ಅವರನ್ನು ಕೊಲ್ಲಿಸಿದವನು. ಸದಾಮಸನ ಬಳಿ ಸುಮಾರು 500 ಜನ. ಕತ್ಸುಯೋರಿಯದು 15,000 ಜನರ ದಂಡು ಅಂತ ಹಳೆಯ ಲೆಕ್ಕ. ಸದಾಮಸ ಶರಣಾಗುವ ಮಾತೇ ಇರಲಿಲ್ಲ.

ಮುತ್ತಿಗೆ ಬಿಗಿಯಾಯಿತು, ಕಾಳು ಮುಗಿಯುತ್ತಾ ಬಂತು. ಆಗ ತೊರಿಯಿ ಸುನೆಎಮೊನ್ ಅನ್ನುವ ಸಾಮಾನ್ಯ ಕಾಲಾಳು ರಾತ್ರಿ ಹೊಳೆಗೆ ಇಳಿದು, ಕಾವಲು ತಪ್ಪಿಸಿ, 40 ಕಿಲೋಮೀಟರಿಗೂ ಜಾಸ್ತಿ ದೂರದ ಒಕಜಾಕಿಗೆ ಹೋಗಿ ಮುಟ್ಟಿದ. ಅಲ್ಲಿ ಇಯೆಯಾಸು ಇದ್ದ, ಅವನ ನೆರವಿಗೆ ನೊಬುನಾಗನ ದಂಡೂ ಬಂದಿತ್ತು. ಸಹಾಯ ಬರುತ್ತದೆ ಅನ್ನುವುದು ಖಾತ್ರಿಯಾದ ಮೇಲೆ ಸುನೆಎಮೊನ್ ಅಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ಒಳಗಿರುವವರಿಗೆ ಸುದ್ದಿ ತಲುಪಿಸಬೇಕು ಅಂತ ವಾಪಸ್ ಹೊರಟ, ಸಿಕ್ಕಿಬಿದ್ದ. "ಸಹಾಯ ಬರುವುದಿಲ್ಲ, ಕೋಟೆ ಬಿಟ್ಟುಕೊಡಿ ಅಂತ ಕೂಗಿ ಹೇಳು, ನಿನ್ನನ್ನು ಬಿಡುತ್ತೇವೆ" ಎಂದು ತಾಕೇಡಾದವರು ಅವನನ್ನು ಕೋಟೆಯ ಎದುರಿಗೆ ತಂದರು. ಅವನು ಕೂಗಿದ್ದು ಸಹಾಯ ಬರುತ್ತಿದೆ, ಇನ್ನು ಸ್ವಲ್ಪ ದಿನ ತಡೆಯಿರಿ ಎಂದು. ಅಲ್ಲೇ ಮರದ ಕಂಬಕ್ಕೆ ಕಟ್ಟಿ ಕೊಂದರು. ಅವನು ಕೂಗಿದ ಮಾತುಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಆದರೆ ಅವನಿಗೆ ಸಿಕ್ಕ ಗೌರವ ಎದುರಾಳಿಗಳ ಕಡೆಯಿಂದಲೂ ಬಂತು. ತಾಕೇಡಾ ಕಡೆಯ ಒಬ್ಬ ಯೋಧ, ಕಂಬಕ್ಕೆ ಕಟ್ಟಿದ ಸುನೆಎಮೊನ್‌ನ ಚಿತ್ರವನ್ನೇ ತನ್ನ ಬಾವುಟಕ್ಕೆ ಬರೆಸಿಕೊಂಡ. ಇವತ್ತು ಆ ದಾರಿಯ ರೈಲಿನಲ್ಲಿ ಹೋದರೆ ತೊರಿಯಿ ಅನ್ನುವ ಪುಟ್ಟ ನಿಲ್ದಾಣ ಸಿಗುತ್ತದೆ. ಅದು ಅವನ ಹೆಸರೇ.

ನೊಬುನಾಗ ಸುಮಾರು 30,000, ಇಯೆಯಾಸು ಸುಮಾರು 8,000 ಜನರ ಜೊತೆ ಬಂದರು. ಅವರು ಸೀದಾ ಕೋಟೆಯ ಹತ್ತಿರ ಹೋಗಲಿಲ್ಲ. ಮೂರು ನಾಲ್ಕು ಕಿಲೋಮೀಟರು ಪಶ್ಚಿಮಕ್ಕೆ, ಶಿತರಗಹರ ಅನ್ನುವ ಕಡೆ ನಿಂತುಬಿಟ್ಟರು. ಈ ನಿಂತದ್ದೇ ದೊಡ್ಡ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಜಾಗವನ್ನು ನಾನು ನಡೆದು ನೋಡಿದ್ದೇನೆ. ಹೆಸರಿನಲ್ಲಿರುವ "ಹರ" ಅಂದರೆ ಬಯಲು. ಬಯಲು ಅಂತ ಕೇಳಿ ಹೋದವರಿಗೆ ಆಶ್ಚರ್ಯ ಆಗುತ್ತದೆ. ಎರಡು ಕಡೆ ತಗ್ಗಾದ ಗುಡ್ಡ, ನಡುವೆ ಕಿರಿದಾದ ಗದ್ದೆ ಸಾಲು, ಆ ಗದ್ದೆಗಳ ಮಧ್ಯೆ ರೆಂಗೊ ಅನ್ನುವ ಚಿಕ್ಕ ಹೊಳೆ. ಹೊಳೆ ಅನ್ನುವುದಕ್ಕಿಂತ ದೊಡ್ಡ ಕಾಲುವೆ ಅನ್ನಬಹುದು. ಈ ಕಡೆ ದಂಡೆಯಲ್ಲಿ ನಿಂತರೆ ಎದುರಿನ ಗುಡ್ಡದ ಮರಗಳು ಒಂದೊಂದಾಗಿ ಕಾಣುತ್ತವೆ. ಸಾವಿರಾರು ಕುದುರೆಗಳು ಸಾಲುಗಟ್ಟಿ ಓಡಿಬರಲು ಇಲ್ಲಿ ಜಾಗವೇ ಇಲ್ಲ. ನೊಬುನಾಗನ ಕಡೆಯವರು ಈ ಹೊಳೆಯ ಪಶ್ಚಿಮಕ್ಕೆ ಮರದ ಗೂಟಗಳ ಬೇಲಿ ಹಾಕಿದರು. ಬೇಲಿಯ ಹಿಂದೆ ಕೋವಿಗಾರರು. ಇವತ್ತು ಅಲ್ಲಿ ಆ ಬೇಲಿಯ ಒಂದು ಭಾಗವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ.

ಯುದ್ಧ ನಡೆದದ್ದು ಜಪಾನಿನ ಹಳೆಯ ಪಂಚಾಂಗದ ಐದನೇ ತಿಂಗಳ 21ರಂದು. ನಮ್ಮ ಲೆಕ್ಕದಲ್ಲಿ 1575ರ ಜೂನ್ ಕೊನೆ. ಹಿಂದಿನ ರಾತ್ರಿ ಇಯೆಯಾಸುವಿನ ಸೇನಾನಿ ಸಕಾಯಿ ತದತ್ಸುಗು ಒಂದು ದೊಡ್ಡ ತುಕಡಿಯನ್ನು ಕರೆದುಕೊಂಡು ದಕ್ಷಿಣದ ಗುಡ್ಡಗಳನ್ನು ಬಳಸಿ ಹೋದ. ಬೆಳಗ್ಗೆ ತಾಕೇಡಾ ದಂಡಿನ ಬೆನ್ನ ಹಿಂದಿದ್ದ ತೊಬಿಗಸು ಗುಡ್ಡದ ಠಾಣೆಯ ಮೇಲೆ ಬಿದ್ದ. ಅಲ್ಲಿ ಕತ್ಸುಯೋರಿಯ ಚಿಕ್ಕಪ್ಪನೇ ಸತ್ತ. ಕೋಟೆಯ ಮುತ್ತಿಗೆ ಅಲ್ಲಿಗೆ ಮುರಿಯಿತು. ಇತ್ತ ಶಿತರಗಹರದಲ್ಲಿ ಸೂರ್ಯ ಹುಟ್ಟುವಾಗ ಶುರುವಾದ ಹೋರಾಟ ಮಧ್ಯಾಹ್ನ ಸುಮಾರು ಎರಡು ಗಂಟೆಯವರೆಗೂ ನಡೆಯಿತು. ತಾಕೇಡಾ ಪಡೆಗಳು ಒಂದರ ಹಿಂದೆ ಒಂದರಂತೆ ಬಂದವು, ಸವೆದು ಹೋದವು. ಕೊನೆಗೆ ಉಳಿದವರು ಕತ್ಸುಯೋರಿಯ ಸುತ್ತ ಸೇರಿ ಉತ್ತರಕ್ಕೆ ಹಿಂದೆ ಸರಿದರು. ಬೆನ್ನಟ್ಟಿ ಬಂದವರನ್ನು ತಡೆದು ನಿಂತ ಬಾಬಾ ನೊಬುಹಾರು ಅಲ್ಲೇ ಸತ್ತ. ಎದುರು ಪಕ್ಷದ ದಾಖಲೆಯೇ ಅವನ ಕಾದಾಟಕ್ಕೆ ಸಾಟಿ ಇರಲಿಲ್ಲ ಎಂದು ಬರೆದಿದೆ. ಯಮಗಾತ ಮಸಕಾಗೆ, ನಾಯ್ತೊ, ಹಾರಾ, ಸನಾದಾ ಮನೆಯ ಅಣ್ಣತಮ್ಮಂದಿರು, ಹೀಗೆ ಶಿಂಗೆನ್ ಕಾಲದಿಂದ ಆ ಮನೆತನವನ್ನು ಹೊತ್ತು ನಿಂತಿದ್ದ ನಾಯಕರು ಒಂದೇ ದಿನ ಹೋದರು. ಕತ್ಸುಯೋರಿ ಬದುಕಿ ಉಳಿದ.

ಇಷ್ಟರಲ್ಲಿ ದೊಡ್ಡ ಜಗಳ ಇಲ್ಲ. ಜಗಳ ಇರುವುದು ಕೋವಿಗಳ ಲೆಕ್ಕದಲ್ಲಿ ಮತ್ತು ಆ ಮೂರು ಸಾಲಿನಲ್ಲಿ.

ಈ ಯುದ್ಧಕ್ಕೆ ನಾವು ಜಾಸ್ತಿ ನಂಬುವ ಬರಹ ಓಟಾ ಗ್ಯುಯಿಚಿ ಅನ್ನುವವನದು. ನೊಬುನಾಗನ ಕೈಕೆಳಗೆ ಬಿಲ್ಲುಗಾರನಾಗಿ ಇದ್ದವನು. ಆಮೇಲೆ ಒಡೆಯನ ಬದುಕನ್ನು ವರ್ಷ ವರ್ಷವಾಗಿ ಬರೆದಿಟ್ಟ. "ಶಿಂಚೊ ಕೋಕಿ" ಅಂತ ಅದರ ಹೆಸರು. ಅದರಲ್ಲಿ ಕೋವಿಗಳ ಸಂಖ್ಯೆ ಇದೆ, ಅವುಗಳನ್ನು ಐದು ಜನ ನಾಯಕರ ಕೈಗೆ ಒಪ್ಪಿಸಿದ್ದು ಇದೆ, ಎದುರಾಳಿ ಬಂದಾಗೆಲ್ಲ ಕೋವಿಯಿಂದ ಹೊಡೆದದ್ದು ಇದೆ. ಮೂರು ಸಾಲಿನ ಸರದಿ ಮಾತ್ರ ಇಲ್ಲವೇ ಇಲ್ಲ.

ಸಂಖ್ಯೆಯ ಕಥೆ ಇನ್ನೂ ಕುತೂಹಲದ್ದು. ಗ್ಯುಯಿಚಿ ತನ್ನ ಕೈಯಲ್ಲೇ ಬರೆದ ಒಂದು ಪ್ರತಿ ಇಕೆಡಾ ಮನೆತನದಲ್ಲಿ ಉಳಿದು ಬಂದಿದೆ. ಅದರಲ್ಲಿ "ಸಾವಿರದಷ್ಟು" ಎಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ "ಮೂರು" ಅನ್ನುವ ಅಕ್ಷರ ಸೇರಿಸಿದೆ. ಜಪಾನಿ ಬರಹದಲ್ಲಿ ಮೂರು ಅಂದರೆ ಮೂರು ಅಡ್ಡಗೆರೆ, ಅಷ್ಟೇ. ಆ ಮೂರು ಗೆರೆ ಬಿದ್ದರೆ ಸಾವಿರ ಹೋಗಿ ಮೂರು ಸಾವಿರ ಆಗುತ್ತದೆ. ಅದನ್ನು ಸೇರಿಸಿದ್ದು ಯಾರು, ಯಾವಾಗ ಅನ್ನುವುದರ ಬಗ್ಗೆ ಇವತ್ತಿಗೂ ವಾದ ನಿಂತಿಲ್ಲ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಾವಿರ ಅನ್ನುವುದು ಆ ಐದು ನಾಯಕರ ಕೈಯಲ್ಲಿದ್ದ ಕೋವಿಗಳ ಲೆಕ್ಕ. ತೊಬಿಗಸು ಗುಡ್ಡಕ್ಕೆ ಹೋದವರ ಜೊತೆ ಬೇರೆ 500 ಕೋವಿಗಳಿದ್ದವು. ಇಯೆಯಾಸುವಿನ ಸ್ವಂತ ಕೋವಿಗಳು ಬೇರೆ. ಹಾಗಾಗಿ ಒಟ್ಟು ಲೆಕ್ಕ ಸಾವಿರಕ್ಕಿಂತ ಜಾಸ್ತಿಯೇ ಇತ್ತು.

ಹಾಗಾದರೆ ಮೂರು ಸಾಲು ಎಲ್ಲಿಂದ ಬಂತು? ಓಜೆ ಹೊಆನ್ ಅನ್ನುವ ಇನ್ನೊಬ್ಬ ಬರಹಗಾರನಿಂದ. ಯುದ್ಧ ನಡೆದಾಗ ಅವನಿಗೆ ಹನ್ನೊಂದು ವರ್ಷ. 17ನೇ ಶತಮಾನದ ಆರಂಭದಲ್ಲಿ ಅವನು ಗ್ಯುಯಿಚಿಯ ಬರಹವನ್ನು ಇಟ್ಟುಕೊಂಡು, ಓದುಗರಿಗೆ ರುಚಿಸುವ ಹಾಗೆ ಹೊಸದಾಗಿ ಬರೆದ. ಅದರಲ್ಲಿ 3000 ಕೋವಿ ಬಂತು, ಸಾವಿರ ಸಾವಿರವಾಗಿ ಸರದಿಯ ಮೇಲೆ ಹೊಡೆಯಬೇಕು ಅನ್ನುವ ಆಜ್ಞೆಯೂ ಬಂತು. ಹೊಆನ್‌ನ ಪುಸ್ತಕ ಅಚ್ಚಾಗಿ ಊರೂರಿಗೆ ಹೋಯಿತು. ಗ್ಯುಯಿಚಿಯದು ಹೆಚ್ಚಾಗಿ ಕೈಬರಹದ ಪ್ರತಿಗಳಲ್ಲೇ ಉಳಿಯಿತು. ಜನಕ್ಕೆ ಸಿಕ್ಕಿದ್ದು ಹೊಆನ್. ಆಮೇಲೆ 1903ರಲ್ಲಿ ಜಪಾನಿನ ಸೇನಾ ಮುಖ್ಯ ಕಚೇರಿ ಹಳೆಯ ಯುದ್ಧಗಳ ಬಗ್ಗೆ ಪುಸ್ತಕ ತಂದಾಗ ನಾಗಶಿನೊ ಬಗ್ಗೆ ಇದೇ ಕಥೆಯನ್ನು ತೆಗೆದುಕೊಂಡಿತು. ಯುರೋಪಿಗಿಂತ ಮೊದಲೇ ನಮ್ಮವರು ಹೀಗೆ ಯುದ್ಧ ಮಾಡಿದ್ದರು ಅನ್ನುವ ಹೆಮ್ಮೆ ಆ ಕಾಲಕ್ಕೆ ಬಹಳ ಹಿಡಿಸಿತು. ಸೇನೆಯ ಮುದ್ರೆ ಬಿದ್ದ ಮೇಲೆ ಪಠ್ಯಪುಸ್ತಕ, ಸಿನಿಮಾ, ಆಟ, ಎಲ್ಲ ಕಡೆಗೂ ಹೋಯಿತು. ನಿಮ್ಮ ತರಗತಿಗೆ ಬಂದದ್ದೂ ಅದೇ ದಾರಿಯಲ್ಲಿ.

ಬರಹದ ಮಾತು ಬಿಟ್ಟು ಕೈಕೆಲಸದ ಕಡೆಯಿಂದ ನೋಡಿದರೂ ಅದು ಕಷ್ಟ. ಜಪಾನಿಗೆ ಈ ಕೋವಿ ಬಂದದ್ದು 1543ರಲ್ಲಿ, ತನೆಗಾಶಿಮ ಅನ್ನುವ ದ್ವೀಪಕ್ಕೆ, ಪೋರ್ಚುಗೀಸರ ಮೂಲಕ. ಗೋವಾ, ಮಲಕ್ಕಾ ಕಡೆ ಪೋರ್ಚುಗೀಸರ ಬಳಿ ಇದ್ದ ಕೋವಿಗಳ ಬಗೆಯದು ಎಂದು ಬಹಳ ಇತಿಹಾಸಕಾರರ ಅಭಿಪ್ರಾಯ. ಬತ್ತಿಯಿಂದ ಕಿಡಿ ಹೊತ್ತಿಸುವ ಕೋವಿ. ನಳಿಗೆಗೆ ಮದ್ದು ಸುರಿಯಬೇಕು, ಸೀಸದ ಗುಂಡು ಹಾಕಬೇಕು, ಕೋಲಿನಿಂದ ಗಿಡಿಯಬೇಕು, ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ ನಯವಾದ ಮದ್ದು ಹಾಕಬೇಕು, ಉರಿಯುವ ಬತ್ತಿ ಸಿಕ್ಕಿಸಬೇಕು, ಗುರಿ ಹಿಡಿಯಬೇಕು. ಕೈ ಪಳಗಿದವರಿಗೂ 20ರಿಂದ 30 ಸೆಕೆಂಡು ಬೇಕು. ಹೊಡೆತ ಗಟ್ಟಿಯಾಗಿ ತಾಗುವುದು 50ರಿಂದ 100 ಮೀಟರಿನ ಒಳಗೆ. ಸರದಿ ಬೇಕು ಅನ್ನುವ ಯೋಚನೆ ಇದರಿಂದಲೇ ಹುಟ್ಟುತ್ತದೆ, ಅದು ತಪ್ಪಲ್ಲ. ಆದರೆ ಇಲ್ಲಿ ನಿಮ್ಮ ಹುಡುಗಿಯ ಪ್ರಶ್ನೆ ಬರುತ್ತದೆ. ಸಾಲು ಸುಮಾರು ಎರಡು ಕಿಲೋಮೀಟರು ಉದ್ದ. ನಡುವೆ ಗುಡ್ಡದ ತಿರುವು. ಮೊದಲ ಸುತ್ತಿಗೇ ಹೊಗೆ ಕವಿಯುತ್ತದೆ. ಕಿವಿ ಗುಂಯ್ ಅನ್ನುತ್ತದೆ. ಎದುರಾಳಿ ಒಂದು ತುದಿಗೆ 40 ಮೀಟರು ಹತ್ತಿರ ಬಂದಿದ್ದರೆ ಇನ್ನೊಂದು ತುದಿಯಲ್ಲಿ ಇನ್ನೂ ಹೊಳೆಯ ಆಚೆ ಇರುತ್ತಾನೆ. ಎಲ್ಲರೂ ಒಟ್ಟಿಗೆ ಹೊಡೆದರೆ ಅರ್ಧ ಗುಂಡು ಗದ್ದೆಯ ಕೆಸರಿಗೆ ಹೋಗುತ್ತವೆ.

ಇನ್ನೂ ಒಂದು ವಿಷಯ, ನನಗೆ ಇದೇ ಎಲ್ಲಕ್ಕಿಂತ ಬಲವಾಗಿ ಕಾಣುತ್ತದೆ. ಆ ಕೋವಿಗಾರರು ಒಟ್ಟಿಗೆ ಪಳಗಿದ ಒಂದು ದಂಡಿನವರಲ್ಲ. ಯುದ್ಧಕ್ಕೆ ಸ್ವಲ್ಪ ಮೊದಲು ನೊಬುನಾಗ ಹೊಸೊಕಾವಾ ಫುಜಿತಾಕಗೆ ಬರೆದ ಪತ್ರ ಉಳಿದಿದೆ. ಕೋವಿಗಾರರನ್ನೂ ಮದ್ದುಗುಂಡನ್ನೂ ಒದಗಿಸುವ ಮಾತು ಅದರಲ್ಲಿದೆ. ಬೇರೆ ಒಡೆಯರಿಂದಲೂ ಹೀಗೇ ಕೋವಿಗಾರರು ಬಂದರು. ಬೇರೆ ಬೇರೆ ಊರು, ಬೇರೆ ಬೇರೆ ಯಜಮಾನರು. ಬಂದು ಮೂರು ದಿನದಲ್ಲಿ ಯುದ್ಧ. ಅಂಥವರನ್ನು ಸಾವಿರ ಸಾವಿರವಾಗಿ ಒಂದೇ ತಾಳಕ್ಕೆ ಕುಣಿಸಲು ಆಗುತ್ತದಾ?

ನಡೆದಿರಬಹುದಾದದ್ದು ಹೀಗೆ. ಸಣ್ಣ ಸಣ್ಣ ಗುಂಪು, ಪ್ರತಿ ಗುಂಪಿಗೂ ಒಬ್ಬ ಮುಖಂಡ. ತಮ್ಮ ಎದುರಿಗೆ ಬಂದವರನ್ನು ನೋಡಿಕೊಂಡು, ಗುಂಪಿನೊಳಗೇ ಸರದಿ ಮಾಡಿಕೊಂಡು ಹೊಡೆಯುವುದು. ಕೆಲವು ಕಡೆ ಒಬ್ಬ ಗುರಿಕಾರನಿಗೆ ಹಿಂದಿನಿಂದ ಮದ್ದು ತುಂಬಿಕೊಡುವವರು ಇದ್ದಿರಬಹುದು. ಅಂಥ ಪದ್ಧತಿ ಆ ಕಾಲದ ಜಪಾನಿನಲ್ಲಿ ಇತ್ತು. ಸರದಿ ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸರದಿ ಇತ್ತು ಅಂತ ವಾದಿಸುವ ಒಳ್ಳೆಯ ವಿದ್ವಾಂಸರೂ ಇದ್ದಾರೆ. ಇಡೀ ಸಾಲಿಗೆ ಒಂದೇ ಆಜ್ಞೆ, ಸಾವಿರ ಕೋವಿಗೆ ಒಂದೇ ಸದ್ದು, ಅದನ್ನು ಮಾತ್ರ ನಂಬಲು ಆಗುವುದಿಲ್ಲ.

ಇನ್ನು ಕುದುರೆ. ತಾಕೇಡಾದವರ ನಾಡು ಕಾಯಿ, ಇವತ್ತಿನ ಯಮನಾಶಿ. ಕುದುರೆ ಸಾಕುವುದಕ್ಕೆ ಹೆಸರಾದದ್ದು. ಅವರ ಬಳಿ ಒಳ್ಳೆಯ ಸವಾರರು ಇದ್ದದ್ದು ನಿಜ, ಗ್ಯುಯಿಚಿಯೂ ಪೂರ್ವ ಸೀಮೆಯವರು ಸವಾರಿಯಲ್ಲಿ ನಿಪುಣರು ಎಂದೇ ಬರೆದಿದ್ದಾನೆ. ಆದರೆ ಸಿನಿಮಾದಲ್ಲಿ ನೋಡುವ ಎತ್ತರದ ಕುದುರೆಗಳನ್ನು ಮನಸ್ಸಿನಿಂದ ತೆಗೆದುಹಾಕಿ. ಆ ಕಾಲದ ಜಪಾನಿ ಕುದುರೆ ಗಿಡ್ಡ, ಗಟ್ಟಿಮುಟ್ಟು, ಭುಜದ ಹತ್ತಿರ ಅಳೆದರೆ ಸುಮಾರು 130 ಸೆಂಟಿಮೀಟರು. ಕುದುರೆ ಏರುವವರು ಹೆಚ್ಚಾಗಿ ಅಂತಸ್ತು ಇದ್ದವರು. ಅವರ ಸುತ್ತ ಈಟಿ, ಬಿಲ್ಲು, ಬಾವುಟ ಹಿಡಿದ ಕಾಲಾಳುಗಳು ಓಡುತ್ತಿದ್ದರು. ದಂಡಿನಲ್ಲಿ ಕಾಲಾಳುಗಳೇ ಜಾಸ್ತಿ. ಜಪಾನಿನಲ್ಲಿ ಬಹಳ ವರ್ಷ ಇದ್ದ ಪಾದ್ರಿ ಲೂಯಿಸ್ ಫ್ರೋಯಿಸ್, ನಾವು ಕುದುರೆ ಮೇಲೆ ಕೂತು ಕಾದುತ್ತೇವೆ, ಇವರು ಕಾದಬೇಕಾದಾಗ ಕುದುರೆ ಇಳಿಯುತ್ತಾರೆ ಎನ್ನುವ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಅದು ಎಲ್ಲ ಸಲವೂ ಹಾಗೆ ಅಲ್ಲದಿರಬಹುದು. ಆದರೂ ಮಳೆಗಾಲದ ಗದ್ದೆ, ಹೊಳೆ, ಆಮೇಲೆ ಬೇಲಿ. ಅಂಥ ಕಡೆ ಬಂದವರಲ್ಲಿ ಬಹುಪಾಲು ಜನ ಕಾಲ್ನಡಿಗೆಯಲ್ಲೇ ಬಂದರು.

"ಹಳೆಯ ಕಾಲದ ಸಮುರಾಯಿಗಳು ಹೊಸ ಕಾಲದ ಕೋವಿಯ ಎದುರು ಸೋತರು" ಅನ್ನುವ ಮಾತನ್ನೂ ಬಿಟ್ಟುಬಿಡಿ. ತಾಕೇಡಾದವರ ಬಳಿಯೂ ಕೋವಿ ಇತ್ತು. ಶಿಂಗೆನ್ 1550ರ ದಶಕದಲ್ಲೇ ಕೋವಿ ಬಳಸಿದ್ದ. ವ್ಯತ್ಯಾಸ ಇದ್ದದ್ದು ಕೋವಿಯಲ್ಲಿ ಅಲ್ಲ, ಮದ್ದಿನಲ್ಲಿ. ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು ಜಪಾನಿಗೆ ಹೆಚ್ಚಾಗಿ ಹಡಗಿನಲ್ಲಿ ಬರುತ್ತಿತ್ತು. ಸೀಸವೂ ಸಾಲುತ್ತಿರಲಿಲ್ಲ. ಆ ಕಾಲದ ಜಪಾನಿನ ಜಾಗಗಳಲ್ಲಿ ಸಿಕ್ಕ ಸೀಸದ ಗುಂಡುಗಳನ್ನು ಪರೀಕ್ಷೆ ಮಾಡಿದಾಗ ಕೆಲವು ಥಾಯ್ಲೆಂಡಿನ ಗಣಿಯ ಸೀಸ ಎಂದು ಗೊತ್ತಾಗಿದೆ. ಇವೆಲ್ಲ ಇಳಿಯುತ್ತಿದ್ದ ದೊಡ್ಡ ಬಂದರು ಸಕಾಯಿ, ಇವತ್ತಿನ ಒಸಾಕಾ ಪಕ್ಕ. ಆ ಬಂದರು ಆಗಲೇ ನೊಬುನಾಗನ ಹಿಡಿತದಲ್ಲಿತ್ತು. ಬಿವಾ ಸರೋವರದ ಹತ್ತಿರದ ಕುನಿತೊಮೊ, ಕೋವಿ ಮಾಡುವ ಕಮ್ಮಾರರ ಊರು, ಅದೂ 1573ರ ಹೊತ್ತಿಗೆ ಅವನ ಕೈಗೆ ಬಂದಿತ್ತು. ಕಾಯಿ ಸೀಮೆಗೆ ಸುತ್ತ ಬೆಟ್ಟ, ಸಮುದ್ರ ದೂರ. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಡೆಯುತ್ತಲೇ ಇರುವಷ್ಟು ಮದ್ದು ಒಬ್ಬನ ಬಳಿ ಇತ್ತು, ಇನ್ನೊಬ್ಬನ ಬಳಿ ಇರಲಿಲ್ಲ. ಇಡೀ ಯುದ್ಧದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ಮೂರು ಸಾಲಿನ ಉಪಾಯ ಒಬ್ಬ ಜಾಣನಿಗೆ ಒಂದು ರಾತ್ರಿಯಲ್ಲಿ ಹೊಳೆಯಬಹುದು. ಬಂದರು, ಕಮ್ಮಾರರು, ಉಪ್ಪು, ಸೀಸ, ಅದನ್ನೆಲ್ಲ ಹೊತ್ತು ತರುವ ದಾರಿ, ಇವು ಒಂದು ರಾತ್ರಿಯಲ್ಲಿ ಬರುವುದಿಲ್ಲ.

ಈಗ ಕತ್ಸುಯೋರಿ. ಅವನು ದಡ್ಡ ಎಂದು ಬರೆದವರು ಬಹಳ. ಗೆದ್ದವರ ಕಡೆಯವರೂ ಬರೆದರು, ಸೋತ ಮನೆಯ ಹಳಬರೂ ಬರೆದರು. ಹಿರಿಯರು ಬೇಡ ಅಂದರೂ ಕೇಳದೆ ನುಗ್ಗಿದ ಎನ್ನುವ ಕಥೆ ತಾಕೇಡಾ ಕಡೆಯ ಪರಂಪರೆಯಿಂದಲೇ ಬಂದದ್ದು. ನನಗೆ ಅವನ ಮೇಲೆ ಕನಿಕರ ಇದೆ, ಮುಚ್ಚಿಡುವುದಿಲ್ಲ. ಅವನಿಗೆ ಆಗ 30ರ ಹತ್ತಿರ ವಯಸ್ಸು. ಅಪ್ಪನ ಕೈಯಲ್ಲೂ ಗೆಲ್ಲಲು ಆಗದಿದ್ದ ತಕತೆಂಜಿನ್ ಕೋಟೆಯನ್ನು ಹಿಂದಿನ ವರ್ಷವಷ್ಟೇ ಗೆದ್ದಿದ್ದ. ಹಾಗಂತ ಅವನ ಕುರ್ಚಿ ಗಟ್ಟಿ ಇರಲಿಲ್ಲ. ತಾಯಿಯ ಕಡೆಯ ಸುವಾ ಮನೆತನಕ್ಕೆ ವಾರಸುದಾರನಾಗಿ ಬೆಳೆದವನು, ಅಣ್ಣ ಸತ್ತಿದ್ದರಿಂದ ಇಲ್ಲಿಗೆ ಬಂದವನು. ಮನೆಯ ಹಳೆಯ ಸೇನಾನಿಗಳ ಕಣ್ಣಲ್ಲಿ ಅವನು ದಿನ ದಿನವೂ ಗೆಲ್ಲಬೇಕಿತ್ತು.

ಯುದ್ಧದ ಹಿಂದಿನ ದಿನ ಅವನೇ ಬರೆಸಿದ ಪತ್ರ ಉಳಿದಿದೆ. ಎದುರಾಳಿಗೆ ದಾರಿ ಕಾಣದಾಗಿದೆ, ಅವರು ಇಕ್ಕಟ್ಟಿನಲ್ಲಿದ್ದಾರೆ, ಮುನ್ನುಗ್ಗಿ ಮುಗಿಸುತ್ತೇನೆ ಎನ್ನುವ ಧಾಟಿ ಅದರದು. ಯಾಕೆ ಹಾಗೆ ಅನ್ನಿಸಿತು? ಶಿತರಗಹರ ತಗ್ಗಿನ ಜಾಗ. ನೊಬುನಾಗ ತನ್ನ 30,000 ಜನರನ್ನು ಎದುರಾಳಿಯ ಕಣ್ಣಿಗೆ ಬೀಳದ ಹಾಗೆ ಇಳಿಸಿದ್ದ ಎಂದು ಗ್ಯುಯಿಚಿ ಸ್ಪಷ್ಟವಾಗಿ ಬರೆದಿದ್ದಾನೆ. ಕತ್ಸುಯೋರಿಗೆ ಕಂಡದ್ದು ಕೋಟೆ ಬಿಡಿಸಲು ಬಂದು, ಹತ್ತಿರ ಬರದೆ, ಬೇಲಿ ಹಾಕಿಕೊಂಡು ಕೂತ ದಂಡು. ಹೆದರಿದ್ದಾರೆ ಎಂದುಕೊಂಡ. ಬೆಳಗಾಗುವಷ್ಟರಲ್ಲಿ ಬೆನ್ನ ಹಿಂದಿನ ಗುಡ್ಡ ಹೊತ್ತಿ ಉರಿಯಿತು. ಹಿಂದೆ ಹೋದರೆ ಕಿರಿದಾದ ಬೆಟ್ಟದ ದಾರಿ, ಬೆನ್ನಟ್ಟುವ 38,000 ಜನ. ಮುಂದೆ ಹೋದರೆ ಬೇಲಿ. ಅವನು ಮಾಡಿದ್ದು ತಪ್ಪು ಲೆಕ್ಕ, ಅದರಲ್ಲಿ ಅನುಮಾನ ಇಲ್ಲ. ಕುರುಡಾಗಿ ಸಾವಿಗೆ ನುಗ್ಗಿದ್ದಲ್ಲ.

ಸತ್ತವರು 10,000 ಎಂಬ ಲೆಕ್ಕವನ್ನು ಬಳಸಬೇಡಿ ಎಂದು ನನ್ನ ಸಲಹೆ. ಗೆದ್ದವರ ಕಡೆಯ ದಾಖಲೆಯ ಅಂದಾಜು ಅದು. ನಾಯಕರ ಹೆಸರುಗಳೇ ಸಾಕು. ತಾಕೇಡಾ ಮನೆತನ ಅವತ್ತೇ ಮುಗಿಯಿತು ಅನ್ನುವುದೂ ಸರಿಯಲ್ಲ. ಕತ್ಸುಯೋರಿ ಇನ್ನೂ ಏಳು ವರ್ಷ ಆಳಿದ, ಹೊಸ ಕೋಟೆ ಕಟ್ಟಿದ, ಕೋವಿಗಳನ್ನೂ ಕೂಡಿಸಿದ. 1582ರ ವಸಂತದಲ್ಲಿ ಹೆಂಡತಿ ಮಗನ ಜೊತೆ ಸತ್ತ. ಅವನನ್ನು ಮುಗಿಸಿದ ನೊಬುನಾಗ ಅದಾದ ಮೂರೇ ತಿಂಗಳಿಗೆ ತನ್ನದೇ ಸೇನಾನಿಯ ಕೈಯಲ್ಲಿ ಹೋದ.

ಹಾಗಾದರೆ ಶನಿವಾರ ಏನು ಮಾಡುವುದು?

ಹಳೆಯ ಕಥೆಯನ್ನೇ ಹಾಗೇ ಬಿಡಬಹುದು. ಸುಲಭ. ಮಕ್ಕಳಿಗೆ ಇಷ್ಟವೂ ಆಗಿದೆ. ಆದರೆ ಆ ಹುಡುಗಿ ಸುಮ್ನೆ ಕೂರುವವಳಲ್ಲ ಅಂತ ಕಾಣುತ್ತದೆ. ಸರಿಯಾದ ಪ್ರಶ್ನೆ ಕೇಳಿದಾಗ ಮೇಷ್ಟ್ರು ಬದಿಗೆ ಸರಿದರು ಅನ್ನುವುದು ಅವಳ ಮನಸ್ಸಿನಲ್ಲಿ ಬಹಳ ಕಾಲ ಉಳಿಯುತ್ತದೆ.

ಇನ್ನೊಂದು ತುದಿಗೆ ಹೋಗಿ "ನಾನು ಹೇಳಿದ್ದೆಲ್ಲ ಸುಳ್ಳು, ಕೋವಿಯಿಂದ ಏನೂ ಆಗಲಿಲ್ಲ" ಅನ್ನಬಹುದು. ಈಚೆಗೆ ಇದು ಜಾಸ್ತಿ ಆಗಿದೆ. ಇದು ಮೊದಲನೆಯದರಷ್ಟೇ ತಪ್ಪು. ಎದುರಾಳಿಗಳು ಗುಂಪು ಗುಂಪಾಗಿ ಕೋವಿಗೆ ಬಿದ್ದರು ಎಂದು ಗ್ಯುಯಿಚಿ ಮತ್ತೆ ಮತ್ತೆ ಬರೆದಿದ್ದಾನೆ. ಆ ಗದ್ದೆಗಳಲ್ಲಿ ಸಿಕ್ಕಿದ ಗುಂಡುಗಳು ಬಹಳ ಕಡಿಮೆ ಅನ್ನುವುದನ್ನು ಕೆಲವರು ಸಾಕ್ಷಿಯಾಗಿ ಎತ್ತುತ್ತಾರೆ. ಸೀಸಕ್ಕೆ ಬೆಲೆ ಇತ್ತು, ಜನ ಆರಿಸಿಕೊಂಡು ಹೋಗಿರುತ್ತಾರೆ. ಆಮೇಲೆ ನಾಲ್ಕು ನೂರು ವರ್ಷ ಅಲ್ಲಿ ಉಳುಮೆ ನಡೆದಿದೆ. ಅದರ ಮೇಲೆ ಅಷ್ಟು ದೊಡ್ಡ ತೀರ್ಮಾನ ಕಟ್ಟಲು ಆಗುವುದಿಲ್ಲ.

ಕೋವಿ ಗಲಾಟೆ ಬಿಟ್ಟು ಸುನೆಎಮೊನ್ ಕಥೆಯನ್ನು ಮಾತ್ರ ಹೇಳುವುದೂ ಒಂದು ದಾರಿ. ಮಕ್ಕಳು ಉಸಿರು ಬಿಗಿ ಹಿಡಿದು ಕೇಳುತ್ತಾರೆ. ಆದರೆ ಒಡೆಯನಿಗಾಗಿ ಸಾಯುವುದೇ ದೊಡ್ಡದು ಅಂತ ಅವರು ತಿಳಿದುಕೊಳ್ಳುವ ಅಪಾಯ ಇದೆ. ಅದನ್ನು ಹೇಳುವುದಾದರೆ ಅದರ ಜೊತೆಗೇ ಒತ್ತೆಯಾಗಿ ಸತ್ತ ಆ ಹುಡುಗನ ಕಥೆಯನ್ನೂ ಹೇಳಿ. ಅವನನ್ನು ಯಾರೂ ಕೇಳಿರಲಿಲ್ಲ.

ನಾನಾದರೆ ಹುಡುಗಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೋದ ವಾರ ನಾನು ಹೇಳಿದ್ದು ಹೊಆನ್ ಹೇಳಿದ ಕಥೆ, ಅದಕ್ಕಿಂತ ಹಳೆಯದರಲ್ಲಿ ಏನಿದೆ ನೋಡೋಣ ಬನ್ನಿ, ಎಂದು. ಇದರಲ್ಲೂ ತೊಂದರೆ ಇದೆ. ಎರಡು ಶನಿವಾರ ಬೇಕಾಗುತ್ತದೆ. ಹೆಸರುಗಳು ಜಾಸ್ತಿಯಾದರೆ ಚಿಕ್ಕವರಿಗೆ ಬೇಜಾರಾಗುತ್ತದೆ. ಹಾಗಾಗಿ ಗ್ಯುಯಿಚಿ, ಹೊಆನ್ ಇಬ್ಬರ ಹೆಸರು ಸಾಕು. ಹಲಗೆಯ ಮೇಲೆ ಮೂರು ಅಡ್ಡಗೆರೆ ಎಳೆದು ಸಾವಿರ ಮೂರು ಸಾವಿರ ಆದದ್ದನ್ನು ತೋರಿಸಿ. ಅದನ್ನು ಮಕ್ಕಳು ಮರೆಯುವುದಿಲ್ಲ.

ಆಮೇಲೆ ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. 100 ಮೀಟರು ಅಳೆದು ಗುರುತು ಹಾಕಿ. ಒಂದು ಮಗು ಮದ್ದು ತುಂಬುವ ಕೆಲಸವನ್ನು ಬರಿಗೈಯಲ್ಲಿ, ಒಂದೊಂದಾಗಿ, ಮೂವತ್ತು ಎಣಿಸುವಷ್ಟು ಹೊತ್ತು ಮಾಡಲಿ. ಇನ್ನೊಂದು ಮಗು ಆ ತುದಿಯಿಂದ ಓಡಿ ಬರಲಿ. ಬತ್ತಿ ಸಿಕ್ಕಿಸುವ ಮೊದಲೇ ಓಡಿದವರು ಬಂದು ಮುಟ್ಟುತ್ತಾರೆ. ಬೇಲಿ ಯಾಕೆ ಬೇಕಾಯಿತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆಗೆ ಎಲ್ಲರನ್ನೂ ಮೈದಾನದ ಉದ್ದಕ್ಕೆ ಸಾಲಾಗಿ ನಿಲ್ಲಿಸಿ, ಜೋರಾಗಿ ಚಪ್ಪಾಳೆ ತಟ್ಟುತ್ತಾ ಇರಲು ಹೇಳಿ. ಆ ಹುಡುಗಿಯನ್ನು ಒಂದು ತುದಿಯಲ್ಲಿ ನಿಲ್ಲಿಸಿ, "ಹೊಡೀರಿ" ಅಂತ ಕೂಗಿಸಿ. ನನ್ನ ವಿದ್ಯಾರ್ಥಿಗಳ ಜೊತೆ ಮಾಡಿದಾಗ ಏಳೆಂಟು ಜನರ ಆಚೆಗೆ ಯಾರಿಗೂ ಕೇಳಿಸಲಿಲ್ಲ.